ಜಪಾನ್ ದೇಶದ ಚಿತ್ರಕಥೆಗಳೂ ಚಲಿಸುವ ಚಿತ್ರಗಳೂ: ಅವುಗಳನ್ನು ಅರಿಯುವ ಬಗೆ

ನಮ್ಮ ಪಾಠಶಾಲೆಯಲ್ಲಿ ಹೆತ್ತವರ ಸಭೆ ಸೇರಿದಾಗಲೆಲ್ಲ ಈಚೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತಲಿದೆ. ಮಗಳು ಪಾಠದ ಪುಸ್ತಕವನ್ನು ಮುಚ್ಚಿಟ್ಟು ಮೊಬೈಲಿನಲ್ಲಿ ಜಪಾನೀ ಕಾರ್ಟೂನು ನೋಡುತ್ತಾಳೆ. ನೋಟುಬುಕ್ಕಿನ ಅಂಚಿನಲ್ಲೆಲ್ಲ ದೊಡ್ಡ ಕಣ್ಣಿನ ಹುಡುಗಿಯರ ಚಿತ್ರಗಳನ್ನು ಬಿಡಿಸುತ್ತಾಳೆ. ಇದನ್ನು ನಿಲ್ಲಿಸಬೇಕೋ ಬಿಡಬೇಕೋ ತಿಳಿಯದು, ಎಂಬುದೇ ಆ ಪ್ರಶ್ನೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿರುವುದರಿಂದ ಅವರ ಪತ್ರಗಳಲ್ಲಿಯೂ ಇದೇ ಮಾತು ಕಾಣುತ್ತದೆ. ಒಂದು ವಸ್ತುವನ್ನು ಮನೆಯೊಳಕ್ಕೆ ಬಿಡುವುದಕ್ಕಾಗಲಿ ಹೊರಗೆ ತಡೆಯುವುದಕ್ಕಾಗಲಿ ಮೊದಲು ಅದು ಎಲ್ಲಿಂದ ಬಂದಿತು, ಯಾರ ಕೈಯಿಂದ ಬಂದಿತು ಎಂದು ವಿಚಾರಿಸುವುದು ವಿವೇಕಿಗಳ ಪದ್ಧತಿ. ಆದಕಾರಣ ಈ ಸ್ಮರಣಸಂಚಿಕೆಯ ಕೆಲವು ಪುಟಗಳಲ್ಲಿ ಆ ವಿಚಾರಣೆಯನ್ನೇ ಒಂದು ಪಾಠದಂತೆ ನಡೆಯಿಸಬೇಕೆಂದಿದ್ದೇನೆ. ಅಂತರ್ಜಾಲದಲ್ಲಿ ಈ ವಿಷಯವಾಗಿ ನಂಬತಕ್ಕ ತಿಳಿವಳಿಕೆ ಎಲ್ಲಿ ಸಿಕ್ಕುತ್ತದೆಂಬುದನ್ನೂ ಮುಂದೆ ಹೇಳುತ್ತೇನೆ.

ಮೊದಲು ಹೆಸರುಗಳ ಗೊಂದಲವನ್ನು ತೀರಿಸಿಕೊಳ್ಳೋಣ. ಚೌಕಗಳಲ್ಲಿ ಬರೆದು ಮುದ್ರಿಸಿದ ಕಥೆಗೆ ಜಪಾನೀಯರು ಮಾಂಗಾ ಎನ್ನುತ್ತಾರೆ. ತೆರೆಯ ಮೇಲೆ ಚಲಿಸುವ ಚಿತ್ರಕ್ಕೆ ಅನಿಮೆ ಎಂದು ಹೆಸರು. ಇದು ಆನಿಮೇಷನ್ ಎಂಬ ಶಬ್ದವನ್ನು ಅವರು ತಮ್ಮ ನಾಲಗೆಗೆ ತಕ್ಕಂತೆ ಮೊಟಕು ಮಾಡಿಕೊಂಡದ್ದು. ಪತ್ರಿಕೆಗಳಲ್ಲಿ ರಾಜಕೀಯವನ್ನು ಹಾಸ್ಯಮಾಡುವ ಒಂದೇ ಚೌಕದ ಚಿತ್ರವನ್ನು ನಾವು ವ್ಯಂಗ್ಯಚಿತ್ರವೆನ್ನುತ್ತೇವೆ. ಮೂರೂ ಒಂದೇ ಮನೆತನದವಾದರೂ ಒಂದರ ಗುಣವನ್ನು ಇನ್ನೊಂದರ ಮೇಲೆ ಹೊರಿಸಲಾಗದು. ಇವು ನಮ್ಮ ಮಕ್ಕಳ ಕಾಲದಲ್ಲಿ ಹೊಸದಾಗಿ ಬಂದುವೆಂದು ತಿಳಿಯುವುದೂ ಸರಿಯಲ್ಲ. ೧೯೯೦ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೋಗ್ಲಿಯ ಕಥೆಯನ್ನು ನೋಡಲು ಓಡೋಡಿ ಬರುತ್ತಿದ್ದ ಮಕ್ಕಳೇ ಇಂದಿನ ತಾಯಿತಂದೆಗಳು. ಹಿಂದಿಯಲ್ಲಿ ಮಾತಾಡುತ್ತಿದ್ದ ಆ ಮೋಗ್ಲಿ ೧೯೮೯ರಲ್ಲಿ ಜಪಾನಿನ ನಿಪ್ಪೋನ್ ಆನಿಮೇಷನ್ ಎಂಬ ಸಂಸ್ಥೆಯಲ್ಲಿ ಹುಟ್ಟಿದವನು. ಅಂದರೆ ಮಗಳ ಅನಿಮೆಯನ್ನು ಕಂಡು ಹುಬ್ಬುಗಂಟಿಕ್ಕುವ ತಾಯಿಯು ತನ್ನ ಬಾಲ್ಯದಲ್ಲಿ ಅದರ ರುಚಿಯನ್ನು ನೋಡಿಯೇ ಇದ್ದಾಳೆ.

ಚಿತ್ರದಿಂದ ಕಥೆ ಹೇಳುವ ಅಭ್ಯಾಸವು ಆ ದೇಶದಲ್ಲಿ ಬಹು ಪುರಾತನವಾದುದು. ಕ್ಯೋಟೊ ನಗರದ ಕೋಜಾನ್‌ಜಿ ಎಂಬ ಬೌದ್ಧ ಮಠಕ್ಕೆ ಸೇರಿದ ನಾಲ್ಕು ಸುರುಳಿಗಳಲ್ಲಿ, ೧೨-೧೩ನೆಯ ಶತಮಾನದ ಕುಂಚಗಳಿಂದ ಬರೆದ ಕಪ್ಪೆ, ಮೊಲ, ಕೋತಿಗಳು ಮನುಷ್ಯರಂತೆ ಕುಸ್ತಿಯಾಡುತ್ತವೆ, ಪೂಜೆ ಮಾಡುತ್ತವೆ. ಬಹಳ ಕಾಲದ ಮೇಲೆ, ೧೮೧೪ರಲ್ಲಿ, ಹೊಕುಸಾಯಿ ಎಂಬ ಪ್ರಸಿದ್ಧ ಚಿತ್ರಕಾರನು ತನ್ನ ರೇಖಾಚಿತ್ರಗಳ ಪುಸ್ತಕಕ್ಕೆ ಮಾಂಗಾ ಎಂಬ ಹೆಸರನ್ನಿಟ್ಟನು. ಅದು ಹದಿನೈದು ಸಂಪುಟಗಳವರೆಗೆ ಬೆಳೆಯಿತು. ಅದು ಕಥೆಯಲ್ಲ, ಶಿಷ್ಯರು ನೋಡಿ ಕಲಿಯತಕ್ಕ ಮಾದರಿಗಳು. ಹೆಸರೊಂದೇ ಆಗಿರುವುದರಿಂದ ಇಂದಿನ ಮಾಂಗಾ ನೇರವಾಗಿ ಹೊಕುಸಾಯಿಯಿಂದ ಇಳಿದುಬಂದಿತೆಂದು ಕೆಲವರು ಬರೆಯುವುದುಂಟು. ಇಂದಿನ ಮಾಂಗಾಕ್ಕೆ ಪಾಶ್ಚಾತ್ಯ ಪತ್ರಿಕೆಗಳ ಚಿತ್ರಪಂಕ್ತಿಗಳ ಋಣವೂ ಬಹಳ ಇರುವುದರಿಂದ ಅಷ್ಟು ಸರಳವಾಗಿ ಹೇಳಲಾಗದು.

ಪ್ರಾಚೀನದ ಮಾತು ಇಷ್ಟು ಸಾಕು. ಉಪಾಧ್ಯಾಯಿನಿಯಾದ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು ೧೯೩೦ರ ಸುಮಾರಿಗೆ ಟೋಕಿಯೊ ನಗರದ ಬೀದಿಗಳಲ್ಲಿ ಕಾಣಿಸಿಕೊಂಡ ಕಾಮಿಶಿಬಾಯಿ ಎಂಬ ಕಾಗದದ ನಾಟಕ. ಕೆಲಸ ಸಿಕ್ಕದ ಬಡವರು ಅನೇಕರಿದ್ದ ಕಾಲವದು. ಅಂಥವನೊಬ್ಬನು ಸೈಕಲಿನ ಹಿಂದೆ ಒಂದು ಮರದ ಪೆಟ್ಟಿಗೆಯನ್ನು ಕಟ್ಟಿಕೊಂಡು ಬೀದಿಯ ಮೂಲೆಯಲ್ಲಿ ನಿಂತು ಎರಡು ಮರದ ತುಂಡುಗಳನ್ನು ಚಟಚಟನೆ ಬಡಿಯುವನು. ಆ ಸದ್ದಿಗೆ ಮಕ್ಕಳು ಎಲ್ಲಿದ್ದರೂ ಓಡಿಬರುವರು. ಪೆಟ್ಟಿಗೆಯ ಕೆಳಗಿನ ಅರೆಗಳಲ್ಲಿ ಮಿಠಾಯಿ; ಮೇಲೆ ನಾಟಕದ ರಂಗದಂತೆ ಬಾಗಿಲು ತೆರೆಯುವ ಒಂದು ಚೌಕಟ್ಟು. ಮಿಠಾಯಿ ಕೊಂಡವರಿಗೆ ಮುಂದಿನ ಸಾಲು, ಕೊಳ್ಳದವರಿಗೆ ಹಿಂದಿನದು. ಚೌಕಟ್ಟಿನೊಳಗಣ ಚಿತ್ರದ ಹಲಗೆಗಳನ್ನು ಒಂದೊಂದಾಗಿ ಎಳೆಯುತ್ತ, ದನಿಯನ್ನು ಬದಲಾಯಿಸುತ್ತ ಅವನು ಕಥೆಯನ್ನು ಹೇಳಿ, ಬಹು ಕುತೂಹಲದ ಸ್ಥಳಕ್ಕೆ ಬಂದಾಗ ನಿಲ್ಲಿಸಿ, ಉಳಿದದ್ದು ನಾಳೆಗೆಂದು ಹೊರಟುಹೋಗುವನು. ನಮ್ಮ ಧಾರಾವಾಹಿಗಳವರು ಇದನ್ನು ಇನ್ನೂ ಬಿಟ್ಟಿಲ್ಲ.

ಅದೇ ಕಾಲದಲ್ಲಿ ಇಮಾಯಿ ಯೊನೆ ಎಂಬ ಕ್ರೈಸ್ತ ಬೋಧಕಿಯೊಬ್ಬರು ಅಮೇರಿಕದಲ್ಲಿ ವ್ಯಾಸಂಗ ಮುಗಿಸಿ ಟೋಕಿಯೊಗೆ ಹಿಂದಿರುಗಿ ಬಡಮಕ್ಕಳಿಗಾಗಿ ಭಾನುವಾರದ ಪಾಠಶಾಲೆಯನ್ನು ನಡೆಯಿಸುತ್ತಿದ್ದರು. ಬೀದಿಯಲ್ಲಿ ಆ ಮರದ ತುಂಡುಗಳ ಸದ್ದು ಕೇಳಿದ ಕೂಡಲೇ ಮಕ್ಕಳು ಪಾಠವನ್ನು ಅರ್ಧಕ್ಕೆ ಬಿಟ್ಟು ಓಡಿಹೋಗುತ್ತಿದ್ದರಂತೆ. ಆ ಕಾಲದ ಜಪಾನೀ ಶಿಕ್ಷಕರೂ ತಾಯಂದಿರೂ ಕಾಮಿಶಿಬಾಯಿಯನ್ನು ಚೆನ್ನಾಗಿ ಹಳಿದವರೇ. ಚಿತ್ರಗಳು ಒರಟು, ಕಥೆಗಳು ಭಯಂಕರ, ಮಿಠಾಯಿ ಕೊಳಕು ಎಂಬುದು ಅವರ ದೂರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯೊನೆಯವರು ಬಾಗಿಲಿಗೆ ಅಗುಳಿ ಹಾಕಬಹುದಾಗಿತ್ತು. ಅವರು ಹಾಗೆ ಮಾಡದೆ, ಮಕ್ಕಳನ್ನು ಅಷ್ಟು ಬಲವಾಗಿ ಎಳೆಯುವ ಶಕ್ತಿ ಆ ಪೆಟ್ಟಿಗೆಯಲ್ಲಿ ಏನಿದೆಯೆಂದು ವಿಚಾರಿಸಿದರು. ತರುವಾಯ ೧೯೩೩ರಲ್ಲಿ ತಾವೇ ಒಂದು ಕಾಮಿಶಿಬಾಯಿ ಸುವಾರ್ತಾ ಮಂಡಲಿಯನ್ನು ಸ್ಥಾಪಿಸಿ, ಸತ್ಯವೇದದ ಕಥೆಗಳನ್ನು ಹಲಗೆಗಳ ಮೇಲೆ ಚಿತ್ರಿಸಿ ಮುದ್ರಿಸಿ ಹೊರಡಿಸಿದರು. ಬೀದಿಯವನ ಚಿತ್ರಗಳು ಕೈಯಿಂದ ಬರೆದವು, ದಿನಬಾಡಿಗೆಗೆ ತಂದವು. ಯೊನೆಯವರವು ಮುದ್ರಿತವಾದುದರಿಂದ ದೂರದ ಊರುಗಳ ಶಿಕ್ಷಕರ ಕೈಗೂ ಸೇರಿದವು. ಶಾಲೆಗಳಲ್ಲಿ ಕಾಮಿಶಿಬಾಯಿಯನ್ನು ಪಾಠೋಪಕರಣವಾಗಿ ಬಳಸುವ ವಾಡಿಕೆಗೆ ಇದೊಂದು ಮುಖ್ಯವಾದ ಆರಂಭ. ನಮ್ಮ ಸಂಡೇಸ್ಕೂಲುಗಳಲ್ಲಿ ಗೋಡೆಗೆ ತೂಗುಹಾಕಿ ಒಂದೊಂದೇ ಹಾಳೆಯನ್ನು ತಿರುವುತ್ತಿದ್ದ ಚಿತ್ರಪಟಗಳ ನೆನಪಿರುವವರಿಗೆ ಇದರ ಬೆಲೆ ತಾನಾಗಿ ತಿಳಿಯುವುದು.

ಇದೇ ಉಪಕರಣವನ್ನು ಯುದ್ಧಕಾಲದಲ್ಲಿ ಸರಕಾರದವರು ಕೈಗೆ ತೆಗೆದುಕೊಂಡು ಮಕ್ಕಳಿಗೂ ದೊಡ್ಡವರಿಗೂ ಯುದ್ಧೋತ್ಸಾಹವನ್ನು ಬೋಧಿಸಲು ಉಪಯೋಗಿಸಿದರೆಂಬುದನ್ನೂ ಮರೆಮಾಡಬಾರದು. ೧೯೫೩ರಲ್ಲಿ ಜಪಾನಿನಲ್ಲಿ ಟೆಲಿವಿಷನ್ ಪ್ರಸಾರವು ಮೊದಲಾದ ಮೇಲೆ ಬೀದಿಯ ಕಥೆಗಾರರು ಕ್ರಮೇಣ ಮರೆಯಾದರು. ಜನರು ಆ ಹೊಸ ಯಂತ್ರವನ್ನು ಮೊದಮೊದಲು ವಿದ್ಯುತ್ತಿನ ಕಾಮಿಶಿಬಾಯಿ ಎಂದೇ ಕರೆದರು. ಕಾಮಿಶಿಬಾಯಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದವರಲ್ಲಿ ಮಿಜುಕಿ ಶಿಗೆರು ಮೊದಲಾದ ಕೆಲವರು ಮಾಂಗಾಕ್ಕೆ ತಿರುಗಿಕೊಂಡು ಪ್ರಖ್ಯಾತರಾದರು.

ಇನ್ನು ನಮ್ಮ ಬಾಲಿಕೆಯರು ವಿಶೇಷವಾಗಿ ತಿಳಿಯಬೇಕಾದ ಒಬ್ಬ ಸ್ತ್ರೀಯ ಚರಿತ್ರೆಗೆ ಬರುತ್ತೇನೆ. ಹಾಸೆಗಾವಾ ಮಾಚಿಕೊ ಎಂಬವರು ೧೯೨೦ರಲ್ಲಿ ಸಾಗಾ ಪ್ರಾಂತದಲ್ಲಿ ಹುಟ್ಟಿ ಫುಕುವೋಕಾ ನಗರದಲ್ಲಿ ಬೆಳೆದರು. ಹದಿಮೂರರ ಪ್ರಾಯದಲ್ಲಿ ತಂದೆ ತೀರಿಕೊಂಡರು. ತಾಯಿ ದೃಢಭಕ್ತಿಯ ಕ್ರೈಸ್ತ ಸ್ತ್ರೀ. ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಟೋಕಿಯೊಗೆ ಬಂದರು. ಆಗ ನೊರಾಕುರೊ ಎಂಬ ನಾಯಿಮರಿಯ ಚಿತ್ರಕಥೆಯನ್ನು ಬರೆದು ಮನೆಮಾತಾಗಿದ್ದ ತಾಗಾವಾ ಸುಯಿಹೋ ಎಂಬವರಿದ್ದರು. ಅವರ ಶಿಷ್ಯಳಾಗಬೇಕೆಂದು ಮಾಚಿಕೊ ಮನೆಯಲ್ಲಿ ಆಡಿದ ಮಾತನ್ನು ತಾಯಿಯಾಗಲಿ ಅಕ್ಕನಾಗಲಿ ನಗುತ್ತ ತಳ್ಳಿಬಿಡಲಿಲ್ಲ. ಶಾಲೆಗೆ ಹೋಗುವ ಹುಡುಗಿ ಚಿತ್ರಗಳ ಕಟ್ಟನ್ನು ಹಿಡಿದು ಗುರುವಿನ ಮನೆಯ ಬಾಗಿಲಿಗೆ ಹೋದಳು, ಗುರು ಒಪ್ಪಿದರು. ೧೯೩೫ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಆಕೆಯ ಚಿತ್ರ ಹುಡುಗಿಯರ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಚಿತ್ರಕಥೆ ಬರೆಯುವುದು ಗಂಡಸರ ಕಸಬೆಂದು ಎಲ್ಲರೂ ತಿಳಿದಿದ್ದ ಕಾಲವದು.

ಯುದ್ಧದ ಕಡೆಯ ವರ್ಷಗಳಲ್ಲಿ ಕುಟುಂಬವು ಬಾಂಬುಗಳ ಭಯದಿಂದ ಫುಕುವೋಕಾಕ್ಕೆ ಮರಳಿತು. ಸೋತ ದೇಶ, ಸುಟ್ಟ ಊರು, ಅಳತೆಯ ಅಕ್ಕಿ. ೧೯೪೬ನೆಯ ಏಪ್ರಿಲ್ ತಿಂಗಳಿನಲ್ಲಿ ಆ ಊರಿನ ಫುಕುನಿಚಿ ಎಂಬ ಸಂಜೆಯ ಪತ್ರಿಕೆಯವರು ದಿನಕ್ಕೆ ನಾಲ್ಕು ಚೌಕದ ಒಂದು ಹಾಸ್ಯಚಿತ್ರವನ್ನು ಬರೆದುಕೊಡಬೇಕೆಂದು ಕೇಳಿದಾಗ ಮಾಚಿಕೊ ಹುಟ್ಟಿಸಿದವಳೇ ಸಜಾಯೆ ಸಾನ್. ಕಡಲ ದಂಡೆಯಲ್ಲಿ ತಿರುಗಾಡುತ್ತಿರುವಾಗ ಹೊಳೆದ ಕಲ್ಪನೆಯಾದುದರಿಂದ ಕುಟುಂಬದ ಹೆಸರುಗಳೆಲ್ಲ ಸಮುದ್ರಕ್ಕೆ ಸೇರಿದವು: ಸಜಾಯೆ ಎಂದರೆ ಒಂದು ಬಗೆಯ ಕಡಲ ಶಂಖು, ತಮ್ಮ ಕಾತ್ಸುವೊ, ತಂಗಿ ವಾಕಾಮೆ ಎಂದರೆ ಮೀನು ಮತ್ತು ಕಡಲ ಸೊಪ್ಪು, ತಾಯಿಯ ಹೆಸರಿಗೆ ದೋಣಿ ಎಂದರ್ಥ. ನಮ್ಮ ಕರಾವಳಿಯ ವಾಚಕರು ಇದನ್ನು ಕೇಳಿ ಸಂತೋಷಪಡುವರೆಂದು ನಂಬುತ್ತೇನೆ. ಸಜಾಯೆ ಸುಂದರಿಯೂ ಅಲ್ಲ, ಶೂರಳೂ ಅಲ್ಲ. ಅವಸರದ ಹೆಂಗಸು, ಚಪ್ಪಲಿ ಮರೆಯುತ್ತಾಳೆ, ಸಾಮಾನಿನ ಚೀಲ ಮರೆಯುತ್ತಾಳೆ, ಗಟ್ಟಿಯಾಗಿ ನಗುತ್ತಾಳೆ, ಗಂಡನಿಗೂ ತಂದೆಗೂ ತನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತಾಳೆ. ಮದುವೆಯಾದ ಮೇಲೂ ಗಂಡನೊಡನೆ ತವರಿನಲ್ಲಿಯೇ ವಾಸ. ಸ್ತ್ರೀಯರಿಗೆ ಹೊಸದಾಗಿ ಮತಾಧಿಕಾರವು ಬಂದ ಆ ವರ್ಷದಲ್ಲಿ ಇಂಥ ಹೆಂಗಸನ್ನು ಪ್ರತಿದಿನ ಪತ್ರಿಕೆಯಲ್ಲಿ ಕಾಣುವುದು ಸಾಮಾನ್ಯ ವಿಷಯವಾಗಿರಲಿಲ್ಲ.

ಆಮೇಲಣ ಸಾಹಸವು ಇನ್ನೂ ರಮ್ಯವಾದುದು. ಅಕ್ಕ ಮಾರಿಕೊ ಮತ್ತು ಮಾಚಿಕೊ ಕೂಡಿ ಅಕ್ಕತಂಗಿಯರ ಪ್ರಕಟನಾಲಯ ಎಂಬರ್ಥದ ಹೆಸರಿಟ್ಟು ತಮ್ಮ ಪುಸ್ತಕವನ್ನು ತಾವೇ ಅಚ್ಚುಹಾಕಿಸಿದರು. ಇದಕ್ಕೆ ಒತ್ತಾಯಪಡಿಸಿದವರು ತಾಯಿ. ಮೊದಲ ಪುಸ್ತಕವನ್ನು ಅಡ್ಡಗಲದ ದೊಡ್ಡ ಆಕಾರದಲ್ಲಿ ತೆಗೆದದ್ದರಿಂದ ಅಂಗಡಿಗಳ ಕಪಾಟಿನಲ್ಲಿ ಅದು ಹಿಡಿಸದೆ ಹಿಂದಿರುಗಿ ಬಂದಿತು. ಎರಡನೆಯದನ್ನು ಚಿಕ್ಕ ಆಕಾರದಲ್ಲಿ ತೆಗೆದರು, ಮಾರಾಟವಾಯಿತು. ೧೯೪೯ರಲ್ಲಿ ಸಜಾಯೆ ಸಾನ್ ಅಸಾಹಿ ಪತ್ರಿಕೆಯ ಬಳಗವನ್ನು ಸೇರಿ ದೇಶಕ್ಕೆಲ್ಲ ಪರಿಚಿತಳಾದಳು. ೧೯೭೪ರವರೆಗೆ ಆರು ಸಾವಿರಕ್ಕೂ ಮಿಗಿಲಾದ ಚಿತ್ರಪಂಕ್ತಿಗಳು ಬಂದವು. ೧೯೬೯ನೆಯ ಅಕ್ಟೋಬರಿನಲ್ಲಿ ಆರಂಭವಾದ ಅದರ ಅನಿಮೆಯು ಇಂದಿಗೂ ಜಪಾನಿನಲ್ಲಿ ಭಾನುವಾರ ಸಂಜೆ ಪ್ರಸಾರವಾಗುತ್ತಿದೆ. ಜಗತ್ತಿನಲ್ಲಿ ಇಷ್ಟು ದೀರ್ಘಕಾಲ ನಡೆದ ಅನಿಮೆ ಸರಣಿ ಬೇರೊಂದಿಲ್ಲ. ಮಾಚಿಕೊ ೧೯೯೨ರಲ್ಲಿ ತೀರಿಕೊಂಡರು. ಅದೇ ವರ್ಷ ಸರಕಾರವು ಜನಗೌರವ ಪ್ರಶಸ್ತಿಯನ್ನು ಕೊಟ್ಟಿತು. ಅಕ್ಕತಂಗಿಯರು ಕೂಡಿಹಾಕಿದ ಕಲಾಕೃತಿಗಳಿಗಾಗಿ ೧೯೮೫ರಲ್ಲಿ ತೆರೆದ ವಸ್ತುಸಂಗ್ರಹಾಲಯವು ಟೋಕಿಯೊದ ಸೆತಗಾಯಾ ಭಾಗದಲ್ಲಿ ಈಗಲೂ ಇದೆ.

ಮಾಚಿಕೊ ಅವರ ತರುವಾಯ ಹುಡುಗಿಯರಿಗಾಗಿ ಹುಡುಗಿಯರೇ ಬರೆಯುವ ಮಾಂಗಾದ ದಾರಿ ಅಗಲವಾಯಿತು. ೧೯೫೦ರ ದಶಕದಲ್ಲಿ ಇಂಥ ಪತ್ರಿಕೆಗಳಿಗೆ ಬಹುಮಟ್ಟಿಗೆ ಗಂಡಸರೇ ಬರೆಯುತ್ತಿದ್ದರು. ೧೯೭೦ರ ದಶಕದ ಹೊತ್ತಿಗೆ ಹಾಗಿಯೊ ಮೊತೊ, ತಾಕೆಮಿಯಾ ಕೆಯಿಕೊ, ಇಕೆದಾ ರಿಯೊಕೊ ಮೊದಲಾದ ತರುಣಿಯರು ಅದನ್ನು ತಮ್ಮದಾಗಿ ಮಾಡಿಕೊಂಡರು. ತಾಕೆಮಿಯಾ ಅವರು ಕ್ಯೋಟೊ ಸೆಯಿಕಾ ವಿಶ್ವವಿದ್ಯಾಲಯದಲ್ಲಿ ಮಾಂಗಾದ ಪ್ರಾಧ್ಯಾಪಕಿಯಾಗಿ, ೨೦೧೪ರಲ್ಲಿ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷೆಯಾದರು. ನೋಟುಬುಕ್ಕಿನ ಅಂಚಿನಲ್ಲಿ ಬರೆಯುವ ಹುಡುಗಿಯ ತಂದೆಗೆ ನಾನು ಸಾಮಾನ್ಯವಾಗಿ ಹೇಳುವ ಸಂಗತಿಗಳಲ್ಲಿ ಇದೊಂದು. ಲೆಕ್ಕದ ನೋಟುಬುಕ್ಕು ಲೆಕ್ಕಕ್ಕೇ ಇರಲಿ. ಚಿತ್ರಕ್ಕೆ ಬೇರೊಂದು ಪುಸ್ತಕವನ್ನು ಕೊಂಡುಕೊಡಿರೆಂದೂ ಹೇಳುತ್ತೇನೆ. ಹಾಳೆಗಳನ್ನು ಹರಿದುಹಾಕಿದ ಮನೆಗಳನ್ನೂ ನಾನು ಬಲ್ಲೆ. ಆ ಹುಡುಗಿಯರು ಬರೆಯುವುದನ್ನು ಬಿಡಲಿಲ್ಲ, ತೋರಿಸುವುದನ್ನು ಬಿಟ್ಟರು.

ಚಲಿಸುವ ಚಿತ್ರದ ವಿಷಯವನ್ನು ಗಣಿತದಿಂದ ತಿಳಿಯುವುದು ಸುಲಭ. ಸಿನೆಮಾದಲ್ಲಿ ಒಂದು ಸೆಕೆಂಡಿಗೆ ೨೪ ಚೌಕಗಳು ಓಡುತ್ತವೆ. ಪ್ರತಿಯೊಂದಕ್ಕೂ ಹೊಸ ಚಿತ್ರವನ್ನು ಬರೆಯುವುದಾದರೆ ೨೨ ಮಿನಿಟಿನ ಒಂದು ಕಥೆಗೆ ೩೧,೬೮೦ ಚಿತ್ರಗಳು ಬೇಕು. ವಾರಕ್ಕೊಂದು ಕಥೆಯನ್ನು ಟೆಲಿವಿಷನ್ನಿಗೆ ಕೊಡುವುದು ಇದರಿಂದ ಅಸಾಧ್ಯವೆಂದು ಎಲ್ಲರೂ ಭಾವಿಸಿದ್ದರು. ವೈದ್ಯವಿದ್ಯೆಯನ್ನು ಓದಿ ಮಾಂಗಾಕಾರರಾದ ತೆಜುಕಾ ಒಸಾಮು ಅವರು ೧೯೬೩ನೆಯ ಜನವರಿ ೧ರಂದು ಆರಂಭಿಸಿದ ಯಂತ್ರಬಾಲಕ ಆತೊಮುವಿನ ಕಥೆಯಲ್ಲಿ ಒಂದೇ ಚಿತ್ರವನ್ನು ಮೂರು ಚೌಕಗಳಿಗೆ ನಿಲ್ಲಿಸಿ, ಸೆಕೆಂಡಿಗೆ ಎಂಟಕ್ಕೆ ಇಳಿಸಿದರು. ಆಗ ೧೦,೫೬೦ ಸಾಕು. ಬಾಯಿ ಮಾತ್ರ ಆಡಿಸುವುದು, ಹಾರುವ ಚಿತ್ರವನ್ನು ಮತ್ತೆ ಮತ್ತೆ ಉಪಯೋಗಿಸುವುದು ಮುಂತಾದ ಉಪಾಯಗಳಿಂದ ಅದನ್ನೂ ಕಡಿಮೆ ಮಾಡಿದರು. ಅನಿಮೆಯಲ್ಲಿ ಮುಖ ನಿಶ್ಚಲವಾಗಿದ್ದು ಕಣ್ಣೂ ಕೂದಲೂ ಮಾತ್ರ ಚಲಿಸುವುದನ್ನು ಕಂಡಿರುವಿರಲ್ಲವೇ? ಬಡತನದಲ್ಲಿ ಕಂಡುಹಿಡಿದ ಈ ಮಿತವ್ಯಯವು ಕಾಲಕ್ರಮದಲ್ಲಿ ಒಂದು ಶೈಲಿಯಾಯಿತು.

ನಮ್ಮಂಥ ಶಾಲೆಯವರಿಗೆ ಹಿತವಾದ ಎರಡು ಕೃತಿಗಳನ್ನು ಇಲ್ಲಿಯೇ ಹೆಸರಿಸುತ್ತೇನೆ. ಹೈಡಿ ಎಂಬ ಸ್ವಿಸ್ ಬಾಲಿಕೆಯ ಕಥೆಯನ್ನು ಅನೇಕರು ಓದಿದ್ದೀರಿ. ಅದನ್ನು ೧೯೭೪ರಲ್ಲಿ ೫೨ ಕಂತುಗಳ ಅನಿಮೆಯಾಗಿ ಮಾಡಿದವರು ತಾಕಾಹಾತಾ ಇಸಾವೊ. ದೃಶ್ಯಗಳನ್ನು ಹೊಂದಿಸಿದವರು ಮುಂದೆ ಲೋಕಪ್ರಸಿದ್ಧರಾದ ಮಿಯಾಜಾಕಿ ಹಾಯಾವೊ. ಇವರು ಹಿಂದಿನ ವರ್ಷವೇ ಸ್ವಿಟ್ಜರ್ಲೆಂಡಿಗೆ ಹೋಗಿ ಬೆಟ್ಟ, ಮನೆಗಳನ್ನು ಕಣ್ಣಾರೆ ಕಂಡು ಬಂದರು. ಅಜ್ಜನು ಬೆಂಕಿಯ ಮುಂದೆ ಗಿಣ್ಣನ್ನು ಕಾಯಿಸಿ ರೊಟ್ಟಿಯ ಮೇಲೆ ಇಳಿಸುವುದೊಂದೇ ಸಾಕು, ನೋಡಿದವರು ಮರೆಯಲಾರರು. ಎರಡನೆಯದು ಇಟಲಿಯ ಸರಕಾರೀ ಪ್ರಸಾರ ಸಂಸ್ಥೆಯ ಕೋರಿಕೆಯ ಮೇಲೆ ತೆಜುಕಾ ಅವರು ಯೋಜಿಸಿದ ಹಳೆಯ ಒಡಂಬಡಿಕೆಯ ಕಥೆಗಳು. ೧೯೮೯ರಲ್ಲಿ ಅವರು ತೀರಿಕೊಂಡ ಬಳಿಕ ಸಹೋದ್ಯೋಗಿಗಳು ೨೬ ಕಂತುಗಳಲ್ಲಿ ಅದನ್ನು ಮುಗಿಸಿದರು.

ಇಷ್ಟರಿಂದ ಎಲ್ಲವೂ ಮಕ್ಕಳಿಗೆ ಯೋಗ್ಯವೆಂದು ತಿಳಿಯಬಾರದು. ಚಿತ್ರವೆಂದಮಾತ್ರಕ್ಕೆ ಶಿಶುಗಳದೆಂಬ ಭಾವನೆ ನಮ್ಮ ಹೆತ್ತವರಲ್ಲಿ ಬಲವಾಗಿದೆ; ಅಪಾಯವಿರುವುದು ಇಲ್ಲಿಯೇ. ಜಪಾನಿನಲ್ಲಿ ಮಾಂಗಾವು ಮೊದಲು ಪತ್ರಿಕೆಯಲ್ಲಿ ಕಂತುಗಳಾಗಿ ಬರುತ್ತದೆ. ಆ ಪತ್ರಿಕೆ ಯಾರಿಗೆಂಬುದರ ಮೇಲಿಂದ ಅದಕ್ಕೆ ವರ್ಗ. ಶೋನೆನ್ ಎಂದರೆ ಹುಡುಗರದು, ಶೋಜೊ ಹುಡುಗಿಯರದು, ಸೆಯಿನೆನ್ ಪ್ರಾಯಕ್ಕೆ ಬಂದ ಗಂಡಸರದು, ಜೋಸೆಯಿ ಪ್ರಾಯಕ್ಕೆ ಬಂದ ಹೆಂಗಸರದು. ಹನ್ನೆರಡು ವರ್ಷದ ಹುಡುಗಿಯ ಕೈಯಲ್ಲಿ ಸೆಯಿನೆನ್ ವರ್ಗದ ಪುಸ್ತಕವಿದ್ದರೆ ತಾಯಿ ಒಮ್ಮೆ ತಿರುವಿನೋಡುವುದು ಒಳ್ಳೆಯದು. ವರ್ಗವೊಂದನ್ನೇ ನೆಚ್ಚಿಕೊಳ್ಳಲೂ ಆಗದು. ಹುಡುಗರ ಪತ್ರಿಕೆಯಲ್ಲಿಯೂ ರಕ್ತಪಾತ ಸಾಕಷ್ಟಿದೆ. ತಾಕಾಹಾತಾ ಅವರ ೧೯೮೮ರ ಮಿಂಚುಹುಳುಗಳ ಸಮಾಧಿ ಎಂಬ ಚಿತ್ರದಲ್ಲಿ ಅಶ್ಲೀಲವೇನೂ ಇಲ್ಲ. ಯುದ್ಧದಲ್ಲಿ ಹಸಿವಿನಿಂದ ಸಾಯುವ ಅಣ್ಣತಂಗಿಯರ ಕಥೆಯದು. ಅದನ್ನು ನಾನು ಒಂಬತ್ತನೆಯ ತರಗತಿಗಿಂತ ಕೆಳಗಿನವರಿಗೆ ತೋರಿಸಲಾರೆ. ಆ ತರಗತಿಯವರಾದರೂ ಒಬ್ಬರೇ ನೋಡಬಾರದು. ಮಾಂಗಾವನ್ನು ಮೊದಲ ಬಾರಿಗೆ ತಿರುವಿನೋಡುವ ತಾಯಂದಿರಿಗೆ ಇನ್ನೊಂದು ಮಾತು: ಪುಸ್ತಕವನ್ನು ನಮ್ಮ ಕೊನೆಯ ಪುಟದ ಕಡೆಯಿಂದ ತೆರೆದು, ಬಲದಿಂದ ಎಡಕ್ಕೆ ಓದಬೇಕು.

ಈಗ ಎಲ್ಲಿ ಹುಡುಕಬೇಕೆಂಬ ವಿಷಯ. ಅಂತರ್ಜಾಲದಲ್ಲಿ ಹೆಸರನ್ನು ಬರೆದೊಡನೆ ಮೊದಲು ಮೇಲೇಳುವುದು ಬಹುಮಟ್ಟಿಗೆ ಕದ್ದ ಸರಕು. ಕೃತಿಯನ್ನು ಅನುಮತಿಯಿಲ್ಲದೆ ನಕಲುಮಾಡಿ, ಪಕ್ಕದಲ್ಲಿ ಹೇಳಬಾರದ ಜಾಹೀರಾತುಗಳನ್ನು ಅಂಟಿಸಿ ಹಣಮಾಡುವ ತಾಣಗಳು ಅನೇಕವಿವೆ. ಜಪಾನಿನಲ್ಲಿ ಇಂಥದೊಂದು ಬಹು ದೊಡ್ಡ ತಾಣವು ೨೦೧೮ರಲ್ಲಿ ಮುಚ್ಚಿತು. ಅದನ್ನು ನಡೆಯಿಸಿದವನಿಗೆ ೨೦೨೧ರಲ್ಲಿ ಸೆರೆಮನೆಯ ಶಿಕ್ಷೆಯಾಯಿತು. ರಾತ್ರಿಯೆಲ್ಲ ಕುಳಿತು ಬರೆದವರ ಕೂಲಿಯನ್ನು ತಪ್ಪಿಸಿ ಓದುವುದು ಕಳವೇ ಎಂಬುದನ್ನು ನಮ್ಮ ಹುಡುಗಿಯರಿಗೆ ಬಾಯಿಬಿಟ್ಟು ಹೇಳಬೇಕು. ಅವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಪ್ರಕಾಶಕರೇ ಧರ್ಮಕ್ಕೆ ಓದಗೊಡುವ ದಾರಿಯೂ ಇದೆ. ಶುಯೇಯಿಶಾ ಎಂಬ ಪ್ರಕಾಶಕರು ೨೦೧೯ರಿಂದ ಮಾಂಗಾ ಪ್ಲಸ್ ಎಂಬ ತಮ್ಮ ತಾಣದಲ್ಲಿ ಹೊಸ ಕಂತುಗಳನ್ನು ಇಂಗ್ಲಿಷಿನಲ್ಲಿ ಕೊಡುತ್ತಿದ್ದಾರೆ. ಯಾವ ತಾಣವಾಗಲಿ ಹುಡುಗಿಯ ಭಾವಚಿತ್ರವನ್ನೂ ಫೋನಿನ ನಂಬರನ್ನೂ ಕೇಳಿದರೆ ಅಲ್ಲಿಗೆ ನಿಲ್ಲಿಸಿ ಮನೆಯವರಿಗೆ ತಿಳಿಸತಕ್ಕದ್ದು.

ಅಭ್ಯಾಸಕ್ಕಾಗಿ ನೋಡುವವರಿಗೆ ಜಪಾನಿನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಜಾಲತಾಣವೇ ಅತ್ಯುತ್ತಮ. ೨೦೧೭ರಲ್ಲಿ, ಜಪಾನೀ ಅನಿಮೆಗೆ ನೂರು ವರ್ಷ ತುಂಬಿದಾಗ, ಹಳೆಯ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹಗಳೊಡನೆ ಎಲ್ಲರಿಗೂ ತೆರೆದಿಟ್ಟರು. ಅಲ್ಲಿ ಮೊಂಡುಗತ್ತಿ ಎಂಬರ್ಥದ ನಾಮಾಕುರಾ ಗತಾನಾ ಎಂಬ ೧೯೧೭ರ ಚಿತ್ರವನ್ನು ಕಾಣಬಹುದು. ಮೂರ್ಖನೊಬ್ಬನು ಹೊಸ ಕತ್ತಿಯನ್ನು ಕೊಂಡು ಅದರ ಹರಿತವನ್ನು ದಾರಿಹೋಕರ ಮೇಲೆ ಪರೀಕ್ಷಿಸಹೋಗಿ ತಾನೇ ಪೆಟ್ಟುತಿನ್ನುವ ಕಥೆ; ಕೆಲವೇ ನಿಮಿಷಗಳದು. ೧೯೨೩ರ ಮಹಾಭೂಕಂಪದಲ್ಲಿ ಆ ಕಾಲದ ಚಿತ್ರಗಳು ಬಹುವಾಗಿ ನಾಶವಾದುವು. ಇದೂ ಹೋಯಿತೆಂದೇ ಎಲ್ಲರೂ ಕೈಬಿಟ್ಟಿದ್ದರು. ೨೦೦೭ರಲ್ಲಿ ಒಸಾಕಾ ನಗರದ ಹಳೆಯ ವಸ್ತುಗಳ ಸಂತೆಯಲ್ಲಿ ಸಂಶೋಧಕರೊಬ್ಬರಿಗೆ ಅದರ ಸುರುಳಿ ದೊರೆಯಿತು. ಅಟ್ಟದ ಮೇಲಿನ ಹಳೆಯ ಕಾಗದಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ನಮ್ಮವರು ಇದನ್ನು ನೆನೆದುಕೊಳ್ಳಲಿ.

ಮಾಂಗಾಕ್ಕೆ ಜಪಾನ್ ಸರಕಾರದ ಸಂಸ್ಕೃತಿ ಇಲಾಖೆಯವರ ಮಾಧ್ಯಮಕಲೆಗಳ ಪಟ್ಟಿ ಇದೆ. ಯಾವ ಕೃತಿ, ಯಾರದು, ಯಾವ ಪತ್ರಿಕೆಯಲ್ಲಿ, ಯಾವ ವರ್ಷ ಎಂಬುದೆಲ್ಲ ಅಲ್ಲಿ ಸಿಕ್ಕುತ್ತದೆ. ಕ್ಯೋಟೊ ಅಂತರರಾಷ್ಟ್ರೀಯ ಮಾಂಗಾ ವಸ್ತುಸಂಗ್ರಹಾಲಯವು ೨೦೦೬ರಲ್ಲಿ ಆರಂಭವಾದುದು, ಸುಮಾರು ಮೂರು ಲಕ್ಷ ವಸ್ತುಗಳ ಭಂಡಾರ. ಅದಿರುವ ಕಟ್ಟಡವು ಮಕ್ಕಳಿಲ್ಲದೆ ಮುಚ್ಚಿಹೋದ ತಾತ್ಸುಯಿಕೆ ಎಂಬ ಹಳೆಯ ಪ್ರಾಥಮಿಕ ಶಾಲೆಯದು; ತರಗತಿಗಳ ಗೋಡೆಯುದ್ದಕ್ಕೂ ಪುಸ್ತಕ, ಆಟದ ಬಯಲಿನ ಹುಲ್ಲಿನ ಮೇಲೆ ಓದುವವರು. ಅಮೇರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಬಿಲ್ಲಿ ಐರ್ಲೆಂಡ್ ಗ್ರಂಥಾಲಯವು ವ್ಯಂಗ್ಯಚಿತ್ರಗಳಿಗೆ ಹೆಸರಾದುದು. ಆಮ್‌ಸ್ಟರ್‌ಡ್ಯಾಮಿನ ಲ್ಯಾಂಬಿಕ್ ಎಂಬ ಪುಸ್ತಕದಂಗಡಿಯವರು ಜಗತ್ತಿನ ಚಿತ್ರಕಥೆಗಾರರ ಜೀವನಚರಿತ್ರೆಗಳ ಕೋಶವೊಂದನ್ನು ಅಂತರ್ಜಾಲದಲ್ಲಿ ನಡೆಯಿಸುತ್ತಿದ್ದಾರೆ.

ಹುಡುಕುವಾಗ ಕೃತಿಯ ಹೆಸರಿಗಿಂತ ಕರ್ತೃವಿನ ಹೆಸರಿನಿಂದ ಹೊರಡುವುದು ಲೇಸು. ಜಪಾನೀಯರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ಇಂಗ್ಲಿಷಿನವರು ತಿರುಗುಮುರುಗಾಗಿಸುತ್ತಾರೆ. ಎರಡು ಬಗೆಯಿಂದಲೂ ನೋಡಬೇಕು. ರೋಮನ್ ಅಕ್ಷರಗಳಲ್ಲಿ ಹ್ರಸ್ವದೀರ್ಘಗಳ ತೊಡಕು ಬೇರೆ. ಶೋಜೊ ಎಂಬ ಒಂದೇ ಶಬ್ದವನ್ನು ಮೂರು ಬಗೆಯಾಗಿ ಬರೆಯುತ್ತಾರೆ. ಒ ಮತ್ತು ಓ ಎಂದು ಬೇರೆ ಬೇರೆ ಅಕ್ಷರಗಳುಳ್ಳ ನಮ್ಮ ಕನ್ನಡಕ್ಕೆ ಆ ತೊಡಕಿಲ್ಲವೆಂದು ನನಗೆ ಕೊಂಚ ಹೆಮ್ಮೆ. ಒಂದೇ ಕಡೆ ಓದಿದ್ದನ್ನು ನಂಬದೆ ಎರಡನೆಯ ಸಾಕ್ಷಿಯನ್ನು ಕೇಳುವುದು ಮುಖ್ಯ. ಉದಾಹರಣೆಗೆ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಅಮರ ಚಿತ್ರ ಕಥೆಯು ೧೯೬೭ರಲ್ಲಿ ಆರಂಭವಾಯಿತೆಂದು ಎಲ್ಲೆಡೆ ಬರೆದಿದೆ. ಹಾಗಾದರೆ ಕೃಷ್ಣ ಎಂಬ ಅವರ ಸಂಚಿಕೆಗೆ ೧ ಎಂಬ ಸಂಖ್ಯೆಯಿಲ್ಲದೆ ೧೧ ಎಂದಿರುವುದೇಕೆ? ವಿಚಾರಿಸುತ್ತ ಹೋದರೆ ತಿಳಿಯುವುದೇನೆಂದರೆ, ಅದಕ್ಕೆ ಮುಂಚೆಯೇ ೧೯೬೫ರಲ್ಲಿ ಬೆಂಗಳೂರಿನಲ್ಲಿ ಅದೇ ಹೆಸರಿನಿಂದ ಪಾಶ್ಚಾತ್ಯ ಅದ್ಭುತಕಥೆಗಳ ಹತ್ತು ಸಂಚಿಕೆಗಳು ಹೊರಟಿದ್ದುವು. ಅವು ಅಚ್ಚಾದದ್ದು ಕನ್ನಡದಲ್ಲಿ.

ಬೆಂಗಳೂರಿಗೆ ಹೋಗುವವರು ಮಹಾತ್ಮಾ ಗಾಂಧಿ ರಸ್ತೆಯ ಸಮೀಪದಲ್ಲಿರುವ ಭಾರತೀಯ ವ್ಯಂಗ್ಯಚಿತ್ರ ಶಾಲೆಯನ್ನು ನೋಡಬಹುದು. ಅದೇ ನಗರದಿಂದ ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರಗಳನ್ನು ಬರೆದು ೨೦೦೧ರಲ್ಲಿ ತೀರಿಕೊಂಡ ಮಾಯಾ ಕಾಮತರ ಚಿತ್ರಗಳನ್ನು ಮುಂಬಯಿಯ ಸ್ಪ್ಯಾರೋ ಎಂಬ ಸ್ತ್ರೀಯರ ದಾಖಲೆಗಳ ಸಂಸ್ಥೆ ಪುಸ್ತಕರೂಪವಾಗಿ ಪ್ರಕಟಿಸಿದೆ. ಈ ದೇಶದಲ್ಲಿ ಆ ಕಸಬನ್ನು ಹಿಡಿದ ಸ್ತ್ರೀಯರು ಬಹು ವಿರಳವಾದುದರಿಂದ ಈ ಪುಸ್ತಕವನ್ನು ನಮ್ಮ ಹುಡುಗಿಯರು ಕಾಣಬೇಕು.

ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಬಿನ್ನಹ. ಮೇಲೆ ಹೇಳಿದ ತಾಣಗಳ ಹೆಸರುಗಳನ್ನು ದಪ್ಪ ಕಾಗದದ ಮೇಲೆ ಬರೆದು ಪುಸ್ತಕಭಂಡಾರದ ಕಂಪ್ಯೂಟರಿನ ಬಳಿ ಇರಿಸಿದ್ದೇವೆ. ನಿಮಗೆ ತಿಳಿದ ಒಳ್ಳೆಯ ತಾಣಗಳಿದ್ದರೆ ಬರೆದು ಕಳುಹಿಸಿರಿ, ಸೇರಿಸುತ್ತೇವೆ. ಈಗಿನ ವಿದ್ಯಾರ್ಥಿನಿಯರಿಗೆ ರಜೆಯ ಅಭ್ಯಾಸವೂ ಇದೇ ಪಾಠದಿಂದ ಹುಟ್ಟಿದೆ. ಡ್ರಾಯಿಂಗ್ ಹಾಳೆಯನ್ನು ನಾಲ್ಕು ಚೌಕಗಳಾಗಿ ಗೆರೆ ಹಾಕಿ, ನಿಮ್ಮ ಮನೆಯಲ್ಲಿ ಒಂದು ದಿನ ನಡೆದ ಒಂದು ಸಣ್ಣ ಸಂಗತಿಯನ್ನು ಮಾಚಿಕೊ ಅವರಂತೆ ನಾಲ್ಕೇ ಚೌಕಗಳಲ್ಲಿ ಹೇಳಿರಿ. ಮಾತುಗಳು ನಿಮ್ಮ ಮನೆಯಲ್ಲಿ ಆಡುವ ಭಾಷೆಯಲ್ಲಿಯೇ ಇರಲಿ; ತುಳುವಾಗಲಿ, ಕೊಂಕಣಿಯಾಗಲಿ, ಉರ್ದುವಾಗಲಿ ಅಡ್ಡಿಯಿಲ್ಲ. ಕಣ್ಣುಗಳು ಎಷ್ಟು ದೊಡ್ಡದಾದರೂ ಸರಿ. ಶಾಲೆ ತೆರೆಯುವ ದಿನ ಡ್ರಾಯಿಂಗ್ ಉಪಾಧ್ಯಾಯಿನಿಯವರಿಗೆ ಒಪ್ಪಿಸತಕ್ಕದ್ದು.